ತಣ್ಣಗಾದರೆ ಸಾಕ್ಷಿ ಹೋಯಿತು

ಕೆಟ್ಟು ನಿಂತ ಹಳೆಯ ಕಾರು ಅರ್ಧ ಗಂಟೆ ಬಿಟ್ಟು, ಯಾರೂ ಕೈ ಹಚ್ಚದೆ, ತಾನಾಗಿಯೇ ಸ್ಟಾರ್ಟ್ ಆಯಿತೆಂದರೆ ಹಿಗ್ಗುವಂಥದ್ದೇನಿಲ್ಲ. ಕಳ್ಳ ತಪ್ಪಿಸಿಕೊಂಡಿದ್ದಾನೆ, ಅಷ್ಟೆ. ಹತ್ತಿಪ್ಪತ್ತು ಮೈಲಿ ಹೋಗುವಷ್ಟರಲ್ಲಿ ಎಂಜಿನ್ ಮತ್ತೆ ಕಾಯುತ್ತದೆ, ಮತ್ತೆ ನಿಲ್ಲುತ್ತದೆ, ಈ ಸಲ ಪಕ್ಕಕ್ಕೆ ಸರಿಯಲೂ ಜಾಗವಿಲ್ಲದ ತಿರುವಿನಲ್ಲಿ. ಗ್ಯಾರೇಜಿಗೆ ಒಯ್ದರೆ ಅಲ್ಲಿ ಏನೂ ಸಿಗುವುದಿಲ್ಲ. ‘ಗಾಡಿ ಚೆನ್ನಾಗೇ ಇದೆಯಲ್ಲ ಸಾರ್’ ಎಂದು ಮೆಕ್ಯಾನಿಕ್ ಬಾನೆಟ್ ಮುಚ್ಚುತ್ತಾನೆ. ಅವನದೂ ತಪ್ಪಲ್ಲ. ಕೆಟ್ಟಿದ್ದು ಬಿಸಿ ಎಂಜಿನ್, ಅವನ ಮುಂದೆ ನಿಂತಿರುವುದು ತಣ್ಣಗಿನ ಎಂಜಿನ್.

ಇಂದಿನ ಕಾರುಗಳಲ್ಲಿ ಈ ಪೇಚು ಕಡಿಮೆ. ಎಂಜಿನ್ ನಿಂತ ಗಳಿಗೆಯಲ್ಲಿ ಯಾವ ಸೆನ್ಸರ್ ಏನು ಹೇಳುತ್ತಿತ್ತು ಎಂಬುದನ್ನು ಅದರ ಕಂಪ್ಯೂಟರ್ ಬರೆದಿಟ್ಟುಕೊಂಡಿರುತ್ತದೆ. ಸ್ಕ್ಯಾನರ್ ಚುಚ್ಚಿದರೆ ಕೋಡ್ ಬರುತ್ತದೆ. ಐವತ್ತು ವರ್ಷ ಹಳೆಯ ಸ್ಪೋರ್ಟ್ಸ್ ಕಾರಿನಲ್ಲಿ ಹಾಗೆ ಬರೆದಿಡುವವರು ಯಾರೂ ಇಲ್ಲ. ಇರುವುದು ಚಾಲಕನ ನೆನಪು ಮತ್ತು ಬಾನೆಟ್ಟಿನ ಅಡಿಯ ಶಾಖ. ಎರಡೂ ಬೇಗ ಆರಿಹೋಗುವಂಥವು. ಹಾಗಾಗಿ ಇಂಥ ಕಾರು ಇಟ್ಟುಕೊಂಡವರು ಪಾನಾ ಹಿಡಿಯುವುದಕ್ಕಿಂತ ಮೊದಲು ಕಲಿಯಬೇಕಾದ ವಿದ್ಯೆ ಒಂದಿದೆ: ಕೆಟ್ಟಿರುವಾಗಲೇ, ಬಿಸಿಯಿರುವಾಗಲೇ ನೋಡುವುದು.

ಉದಾಹರಣೆಗೆ ಎಂಜಿಬಿಯನ್ನು ತೆಗೆದುಕೊಳ್ಳೋಣ. ಆಕ್ಸ್‌ಫರ್ಡ್ ಹತ್ತಿರದ ಅಬಿಂಗ್ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದ, ಬ್ರಿಟನ್ನಿನ ರಸ್ತೆಗಳಲ್ಲಿ ಇಂದಿಗೂ ಭಾನುವಾರ ಬಿಸಿಲು ಬಿದ್ದರೆ ಕಾಣಿಸಿಕೊಳ್ಳುವ ಕಾರು. ಅದರ 1798 ಸಿಸಿ ಎಂಜಿನ್ ನಮಗೆ ಪರಕೀಯವೇನಲ್ಲ. ನಮ್ಮ ಅಂಬಾಸಿಡರ್ ದಶಕಗಟ್ಟಲೆ ಹೊತ್ತು ತಿರುಗಿದ 1489 ಸಿಸಿ ಎಂಜಿನ್ ಕೂಡ ಇದೇ ವಂಶದ್ದು, ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಬಿ-ಸೀರೀಸ್. ಅಂಬಾಸಿಡರ್ ಬಿಚ್ಚಿ ಕೈ ಪಳಗಿದ ಯಾವ ಮೆಕ್ಯಾನಿಕ್ಕನನ್ನಾದರೂ ಎಂಜಿಬಿಯ ಮುಂದೆ ನಿಲ್ಲಿಸಿ, ಡಿಸ್ಟ್ರಿಬ್ಯೂಟರ್ ಎಲ್ಲಿದೆ ಎಂದು ಅವನಿಗೆ ತೋರಿಸಬೇಕಾಗಿಲ್ಲ.

ಈಗ ಇಂಥದೊಂದು ಕಾರು, 1960ರ ದಶಕದ ಕೊನೆಯದು, ಜುಲೈ ತಿಂಗಳ ಮಧ್ಯಾಹ್ನ ಇಂಗ್ಲೆಂಡಿನ ಸ್ನೇಕ್ ಪಾಸ್ ಹತ್ತುತ್ತಿದೆ ಎನ್ನಿ. ಗ್ಲಾಸಪ್ ಊರಿನಿಂದ ಷೆಫೀಲ್ಡ್ ಕಡೆಗೆ ಪೀಕ್ ಡಿಸ್ಟ್ರಿಕ್ಟ್ ಗುಡ್ಡಗಳ ಮೇಲೆ ಹಾದುಹೋಗುವ ಎ57 ರಸ್ತೆ ಅದು. ನೆತ್ತಿ 512 ಮೀಟರ್ ಎತ್ತರದಲ್ಲಿದೆ. ಮುಂದೊಂದು ಲಾರಿ, ಓವರ್‌ಟೇಕಿಗೆ ಎಡೆಯಿಲ್ಲ. ಏರಿನಲ್ಲಿ ಎಂಜಿನ್ ದುಡಿಯುತ್ತಿದೆ, ವೇಗವಿಲ್ಲದ್ದರಿಂದ ರೇಡಿಯೇಟರಿಗೆ ಗಾಳಿ ಸಾಲದು. ನೆತ್ತಿ ದಾಟಿ, ಲಾರಿಯನ್ನು ಹಿಂದೆ ಹಾಕಿ, ಮೂರನೇ ಗೇರಿನಲ್ಲಿ ಆರಾಮಾಗಿ ಇಳಿಯುತ್ತಿರುವಾಗ ಎಂಜಿನ್ ನಿಂತುಬಿಡುತ್ತದೆ. ಕೆಮ್ಮಲಿಲ್ಲ, ಮಿಸ್ಸಿಂಗ್ ಇಲ್ಲ. ಸ್ವಿಚ್ ಒತ್ತಿ ಆರಿಸಿದ ಹಾಗೆ.

ಮೊದಲ ಕೆಲಸಕ್ಕೂ ಭೌತವಿಜ್ಞಾನಕ್ಕೂ ಸಂಬಂಧವಿಲ್ಲ: ಉರುಳುತ್ತಿರುವಾಗಲೇ ಎಡಕ್ಕೆ ಸರಿದು, ಹುಲ್ಲಿನಂಚಿಗೆ ನಿಲ್ಲಿಸುವುದು. ಎಚ್ಚರಿಕೆಯ ತ್ರಿಕೋನವನ್ನು ಕಾರಿಗಿಂತ ಕನಿಷ್ಠ 45 ಮೀಟರ್ ಹಿಂದೆ ಇಡಬೇಕೆಂದು ಬ್ರಿಟನ್ನಿನ ಹೈವೇ ಕೋಡ್ ಹೇಳುತ್ತದೆ. ಮೋಟಾರ್‌ವೇಯಲ್ಲಾದರೆ ಇಡಲೇ ಬಾರದು, ಇಡಲು ಹೋದವರೇ ಅಪಾಯಕ್ಕೆ ಸಿಕ್ಕುತ್ತಾರೆ. ತಗ್ಗು ಮೈಯ, ಕಡು ಬಣ್ಣದ ಹಳೆಯ ಸ್ಪೋರ್ಟ್ಸ್ ಕಾರು ತಿರುವಿನಾಚೆ ನಿಂತಿದ್ದರೆ ಹಿಂದಿನಿಂದ ಬರುವವರಿಗೆ ಕಾಣುವುದೇ ತಡವಾಗಿ. ಸೀಟಿನಲ್ಲಿ ಕೂತು ಯೋಚಿಸುವ ಜಾಗವಲ್ಲ ಅದು.

ಆದರೆ ನಿಲ್ಲಿಸುವ ಆ ಹತ್ತು ಸೆಕೆಂಡಿನಲ್ಲಿ ಕಣ್ಣು ಒಮ್ಮೆ ಡ್ಯಾಶ್‌ಬೋರ್ಡಿನ ಆರ್‌ಪಿಎಂ ಮೀಟರಿನ ಕಡೆ ಹೊರಳಿದ್ದರೆ ಅರ್ಧ ಕೆಲಸ ಮುಗಿದಂತೆ. ಗಾಡಿ ಇನ್ನೂ ಗೇರಿನಲ್ಲಿದೆ. ಎಂಜಿನ್ ಉರಿಯುತ್ತಿಲ್ಲ, ನಿಜ, ಆದರೆ ಚಕ್ರಗಳು ಅದನ್ನು ತಿರುಗಿಸುತ್ತಲೇ ಇವೆ. ಅಂದಮೇಲೆ ಮುಳ್ಳು ಎರಡು ಸಾವಿರದ ಆಸುಪಾಸಿನಲ್ಲಿರಬೇಕು, ಕಾರಿನ ವೇಗ ತಗ್ಗಿದ ಹಾಗೆ ನಿಧಾನವಾಗಿ ಇಳಿಯಬೇಕು. ಬದಲಿಗೆ ಅದು ಒಂದೇ ಸಲಕ್ಕೆ ಸೊನ್ನೆಗೆ ಬಿದ್ದಿತೇ? ಆ ಕಾಲದ ಎಂಜಿಬಿಯ ಆರ್‌ಪಿಎಂ ಮೀಟರಿಗೆ ಕೇಬಲ್ ಇಲ್ಲ. ಅದು ಇಗ್ನಿಷನ್ ಕಾಯಿಲಿನ ಕರೆಂಟ್ ಎಷ್ಟು ಸಲ ಕಡಿದು ಕೂಡುತ್ತಿದೆ ಎಂದು ಎಣಿಸಿ ಎಂಜಿನ್ನಿನ ವೇಗ ಹೇಳುತ್ತದೆ. ಎಂಜಿನ್ ತಿರುಗುತ್ತಿದ್ದರೂ ಮುಳ್ಳು ಸೊನ್ನೆಯಲ್ಲಿದೆ ಎಂದರೆ ಎಣಿಸಲು ಅದಕ್ಕೇನೂ ಸಿಗುತ್ತಿಲ್ಲ. ಕಾಯಿಲಿನ ಕರೆಂಟ್ ಒಂದೋ ಹರಿಯುತ್ತಲೇ ಇಲ್ಲ, ಇಲ್ಲವೇ ಹರಿಯುವುದನ್ನು ನಿಲ್ಲಿಸುತ್ತಲೇ ಇಲ್ಲ. ಪೆಟ್ರೋಲಿನ ಮೇಲಿದ್ದ ಅನುಮಾನ ಅಲ್ಲಿಗೆ ಮುಗಿಯಿತು. ಮುಳ್ಳು ನಿಯತ್ತಾಗಿ ನಿಧಾನಕ್ಕೆ ಇಳಿದಿದ್ದರೆ ಲೆಕ್ಕ ತಿರುಗುಮುರುಗು: ಆಗ ಪೆಟ್ರೋಲನ್ನೋ, ಡಿಸ್ಟ್ರಿಬ್ಯೂಟರಿನೊಳಗೆ ತಿರುಗುತ್ತ ಪ್ಲಗ್ಗುಗಳಿಗೆ ಕಿಡಿ ಹಂಚುವ ರೋಟರನ್ನೋ ಅನುಮಾನಿಸಬೇಕಿತ್ತು.

ಹರಿಯುವುದಕ್ಕಿಂತ ನಿಲ್ಲುವುದು ಮುಖ್ಯ ಎಂಬ ಈ ಮಾತು ವಿಚಿತ್ರವೆನಿಸಬಹುದು. ಕಿಡಿ ಹುಟ್ಟುವುದೇ ಹಾಗೆ.

ಕಾರಿನ ಬ್ಯಾಟರಿ 12 ವೋಲ್ಟಿನದು. ಸ್ಪಾರ್ಕ್ ಪ್ಲಗ್ಗಿನ ತುದಿಯಲ್ಲಿರುವ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚಿನ ಸಂದನ್ನು ದಾಟಿಸಲು, ಅದೂ ಸಿಲಿಂಡರಿನೊಳಗೆ ಒತ್ತಿ ಹಿಡಿದ ಗ್ಯಾಸಿನ ನಡುವೆ, ಹತ್ತಾರು ಸಾವಿರ ವೋಲ್ಟ್ ಬೇಕು. 1831ರಲ್ಲಿ ಮೈಕೆಲ್ ಫ್ಯಾರಡೆ ತೋರಿಸಿಕೊಟ್ಟ ಸಂಗತಿ ಇಲ್ಲಿ ನೆರವಿಗೆ ಬರುತ್ತದೆ: ಕಾಂತಕ್ಷೇತ್ರ ಬದಲಾದರೆ ಸುತ್ತಲಿನ ತಂತಿಯಲ್ಲಿ ವೋಲ್ಟೇಜ್ ಹುಟ್ಟುತ್ತದೆ, ಬದಲಾವಣೆ ಎಷ್ಟು ಚುರುಕೋ ವೋಲ್ಟೇಜ್ ಅಷ್ಟು ಜಾಸ್ತಿ. ಇಗ್ನಿಷನ್ ಕಾಯಿಲಿನಲ್ಲಿ ದಪ್ಪ ತಂತಿಯ ಕೆಲವು ನೂರು ಸುತ್ತು, ಕೂದಲೆಳೆಯಂಥ ತಂತಿಯ ಸಾವಿರಾರು ಸುತ್ತು. ದಪ್ಪ ತಂತಿಯಲ್ಲಿ ನಾಲ್ಕು ಆಂಪಿಯರ್ ಹರಿಸಿ ಕಾಂತಕ್ಷೇತ್ರ ಕಟ್ಟುವುದು, ಆಮೇಲೆ ಆ ಕರೆಂಟನ್ನು ಥಟ್ಟನೆ ಕಡಿಯುವುದು. ಜೋರಾಗಿ ಹರಿಯುತ್ತಿರುವ ನೀರಿನ ನಲ್ಲಿಯನ್ನು ಒಮ್ಮೆಲೇ ತಿರುಗಿಸಿ ನಿಲ್ಲಿಸಿದರೆ ಪೈಪು ದಡಲ್ಲೆಂದು ಒದೆಯುತ್ತದಲ್ಲ, ಕಾಯಿಲಿನ ಒದೆತವೂ ಅಂಥದ್ದೇ. ದಪ್ಪ ತಂತಿಯಲ್ಲಿ ಮುನ್ನೂರು ವೋಲ್ಟಿನಷ್ಟು ಏಳುತ್ತದೆ. ಸಪೂರ ತಂತಿಯಲ್ಲಿ ಅದರ ನೂರರಷ್ಟು.

ಕಡಿಯುವ ಕೆಲಸ ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟ್ಸ್‌ನದು. ಒಂದನ್ನೊಂದು ಮುಟ್ಟುವ ಎರಡು ಪುಟ್ಟ ಲೋಹದ ಬೊಟ್ಟುಗಳು. ನಾಲ್ಕು ಮೂಲೆಯ ಕ್ಯಾಮ್ ತಿರುಗಿದ ಹಾಗೆ ಅವು 0.38 ಮಿಲಿಮೀಟರಿನಷ್ಟು ಬಾಯಿ ಬಿಡುತ್ತವೆ, ಮತ್ತೆ ಮುಚ್ಚುತ್ತವೆ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ ನೂರು ಕಿಡಿ. ಒಂದೊಂದು ಕಿಡಿಗೂ ಸಿಗುವುದು ಸೆಕೆಂಡಿನ ನೂರನೇ ಒಂದು ಭಾಗ. ಅದರಲ್ಲಿ ಮೂರನೇ ಎರಡು ಪಾಲು ಮುಚ್ಚಿಕೊಂಡು ಕರೆಂಟ್ ತುಂಬಿಸುವುದು, ಉಳಿದ ಪಾಲು ತೆರೆದಿರುವುದು. ಈ ಅಂತರವನ್ನು ಅಳೆಯಲು ಫೀಲರ್ ಗೇಜ್ ಇದೆ. ಅದಿಲ್ಲದ ಕಡೆ ಬೆಂಕಿಪೊಟ್ಟಣದ ರಟ್ಟು ತೂರಿಸಿ ನೋಡಿ, ಕಪ್ಪಗಾದ ಬೊಟ್ಟನ್ನು ಕಡ್ಡಿ ಗೀರುವ ಪಕ್ಕಕ್ಕೆ ಉಜ್ಜಿ ದಾರಿ ಸಾಗಿಸಿದ ಡ್ರೈವರುಗಳು ನಮ್ಮಲ್ಲಿ ಬೇಕಾದಷ್ಟು ಜನ.

ಈ ಏರ್ಪಾಟಿನಲ್ಲಿ ಒಂದು ತೊಡಕಿದೆ. ಪಾಯಿಂಟ್ಸ್ ಬಾಯಿ ಬಿಡಲು ತೊಡಗಿದ ಗಳಿಗೆಯಲ್ಲಿ ಸಂದು ಇನ್ನೂ ಎಳೆಯಷ್ಟೂ ಅಗಲವಾಗಿರುವುದಿಲ್ಲ. ವೋಲ್ಟೇಜ್ ಆಗಲೇ ಮೇಲೇರುತ್ತಿರುತ್ತದೆ. ಕರೆಂಟ್ ಆ ಕಿರುಸಂದನ್ನೇ ಹಾರಿ, ಅಲ್ಲೇ ಬೆಂಕಿಯ ಸೇತುವೆ ಕಟ್ಟಿಕೊಂಡು ಹರಿಯುತ್ತಲೇ ಇರುತ್ತದೆ. ಪ್ಲಗ್ಗಿನಲ್ಲಿ ಆಗಬೇಕಾದ ಕಿಡಿ ಪಾಯಿಂಟ್ಸ್‌ನಲ್ಲಿ ಆಗಿ ವ್ಯರ್ಥವಾಗುತ್ತದೆ, ಜೊತೆಗೆ ಬೊಟ್ಟುಗಳೂ ಸುಡುತ್ತವೆ. ಇದಕ್ಕೆ ಮದ್ದು ಹುಡುಕಿದವರು ಕಾರಿನವರಲ್ಲ. 1849ರಲ್ಲಿ ಹಲ್ಲುಚಕ್ರ ತಿರುಗಿಸಿ ಬೆಳಕಿನ ವೇಗವನ್ನು ಭೂಮಿಯ ಮೇಲೆಯೇ ಅಳೆದ ಫ್ರೆಂಚ್ ವಿಜ್ಞಾನಿ ಇಪೊಲಿಟ್ ಫಿಜೋ, 1853ರಲ್ಲಿ ಪ್ರಯೋಗಾಲಯದ ಇಂಡಕ್ಷನ್ ಕಾಯಿಲಿನ ಪಾಯಿಂಟ್ಸ್‌ಗೆ ಅಡ್ಡಲಾಗಿ ಒಂದು ಕಂಡೆನ್ಸರ್ ಸೇರಿಸಿದ. ಬೊಟ್ಟುಗಳು ಬಿಡಿಸಿಕೊಳ್ಳುವ ಮೊದಲ ಕೆಲವು ಹತ್ತು ಮೈಕ್ರೋಸೆಕೆಂಡುಗಳಲ್ಲಿ ಕರೆಂಟ್ ಸಂದನ್ನು ಹಾರುವ ಬದಲು ಈ ಕಂಡೆನ್ಸರಿನೊಳಗೆ ನುಗ್ಗುತ್ತದೆ. ಅದು ತುಂಬುವಷ್ಟರಲ್ಲಿ ಸಂದು ಹಾರಲಾಗದಷ್ಟು ಅಗಲವಾಗಿರುತ್ತದೆ. ಸುಮಾರು 1910ರಲ್ಲಿ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಬ್ಯಾಟರಿ, ಕಾಯಿಲ್, ಪಾಯಿಂಟ್ಸ್, ಕಂಡೆನ್ಸರ್ ಎಲ್ಲವನ್ನೂ ಕಟ್ಟಿ ಕ್ಯಾಡಿಲಾಕ್ ಕಾರುಗಳಿಗೆ ಕೂಡಿಸಿಕೊಟ್ಟ. ಆಮೇಲೆ ಅರವತ್ತು ಎಪ್ಪತ್ತು ವರ್ಷ ಜಗತ್ತಿನ ಹೆಚ್ಚಿನ ಪೆಟ್ರೋಲ್ ಕಾರುಗಳು ಓಡಿದ್ದು ಇದೇ ಏರ್ಪಾಟಿನಲ್ಲಿ.

ಎಂಜಿಬಿಯ ಕಂಡೆನ್ಸರ್ ಕಿರುಬೆರಳಿನ ಒಂದು ಗಿಣ್ಣಿನಷ್ಟಿದೆ. ಒಂದು ಲೋಹದ ಡಬ್ಬಿ, ಅದರಿಂದ ಹೊರಬಂದ ಒಂದು ತಂತಿ. ಒಳಗೆ ಎರಡು ಲೋಹದ ಹಾಳೆಗಳು, ನಡುವೆ ಕಾಗದವೋ ಪ್ಲಾಸ್ಟಿಕ್ ಪೊರೆಯೋ, ಎಲ್ಲ ಸೇರಿಸಿ ಬಿಗಿಯಾಗಿ ಸುತ್ತಿದ ಸುರುಳಿ. ಸಾಮರ್ಥ್ಯ ಸುಮಾರು 0.2 ಮೈಕ್ರೋಫ್ಯಾರಡ್. ಇದು ಕೂತಿರುವುದು ಡಿಸ್ಟ್ರಿಬ್ಯೂಟರಿನ ಹೊಟ್ಟೆಯಲ್ಲಿ. ಡಿಸ್ಟ್ರಿಬ್ಯೂಟರ್ ಕೂತಿರುವುದು ಎಂಜಿನ್ ಬ್ಲಾಕಿಗೆ ಅಂಟಿಕೊಂಡು. ಬ್ಲಾಕ್ ಕಾದರೆ ಇದೂ ಕಾಯುತ್ತದೆ. ಲೋಹ ಹಿಗ್ಗುವ ಪ್ರಮಾಣಕ್ಕೂ ಪ್ಲಾಸ್ಟಿಕ್ ಹಿಗ್ಗುವ ಪ್ರಮಾಣಕ್ಕೂ ಬಹಳ ವ್ಯತ್ಯಾಸ. ಸುರುಳಿಯಲ್ಲಿ ಎಲ್ಲೋ ಒಂದೆಡೆ ಪೊರೆ ಸವೆದಿದ್ದರೆ, ಕಾದಾಗ ಎರಡು ಹಾಳೆಗಳು ಅಲ್ಲಿ ಪರಸ್ಪರ ಒತ್ತಿ ಮುಟ್ಟುತ್ತವೆ. ಅಲ್ಲಿಗೆ ಶಾರ್ಟ್ ಆಯಿತು. ಈಗ ಪಾಯಿಂಟ್ಸ್ ಎಷ್ಟು ಸಲ ಬಾಯಿ ತೆರೆದರೂ ಪ್ರಯೋಜನವಿಲ್ಲ. ಪಕ್ಕದಲ್ಲಿ ಕಂಡೆನ್ಸರಿನ ಮೂಲಕ ಕರೆಂಟ್ ತಡೆಯಿಲ್ಲದೆ ಕಾರಿನ ಲೋಹದ ಬಾಡಿಗೆ ಹರಿದುಹೋಗುತ್ತಿರುತ್ತದೆ. ಕಡಿತವಿಲ್ಲ, ಕಿಡಿಯಿಲ್ಲ, ಆರ್‌ಪಿಎಂ ಮುಳ್ಳಿಗೆ ಎಣಿಸಲು ಏನೂ ಇಲ್ಲ. ತಣ್ಣಗಾದಾಗ ಹಾಳೆಗಳು ಬಿಟ್ಟುಕೊಳ್ಳುತ್ತವೆ. ಕಾರು ಸ್ಟಾರ್ಟ್!

ಅದೇ ಅರ್ಧ ಗಂಟೆಯಲ್ಲಿ ಹುಷಾರಾಗುವ ಬೇರೆ ರೋಗಗಳೂ ಇವೆ. ಪೆಟ್ರೋಲ್ ಕುದಿಯುವುದು ಅವುಗಳಲ್ಲಿ ಹೆಸರುವಾಸಿ. ಮುಳ್ಳು ನೋಡದೆ ಹೋದವರು ಮೊದಲು ಬೆರಳು ತೋರಿಸುವುದೂ ಅದರತ್ತಲೇ.

ನೀರಿನಂತೆ ಪೆಟ್ರೋಲಿಗೆ ಒಂದೇ ಕುದಿಬಿಂದುವಿಲ್ಲ. ಅದು ನೂರಾರು ಹೈಡ್ರೋಕಾರ್ಬನ್‌ಗಳ ಬೆರಕೆ; ಹಗುರವಾದವು ಸುಮಾರು 35 ಡಿಗ್ರಿ ಸೆಲ್ಸಿಯಸ್ಸಿನಲ್ಲೇ ಆವಿಯಾಗತೊಡಗಿದರೆ ಭಾರವಾದವು ಹೋಗಲು 200 ಡಿಗ್ರಿ ಬೇಕು. ಇದರ ಜೊತೆಗೆ ಈಗ ಎಥನಾಲ್. 2021ರ ಸೆಪ್ಟೆಂಬರಿನಿಂದ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗಳ ಬಂಕುಗಳಲ್ಲಿ ಮಾಮೂಲಿ ಪೆಟ್ರೋಲೆಂದರೆ ಶೇಕಡಾ 10ರವರೆಗೆ ಎಥನಾಲ್ ಬೆರೆತದ್ದು. ಶುದ್ಧ ಎಥನಾಲ್ ಕುದಿಯುವುದು 78 ಡಿಗ್ರಿಯಲ್ಲಿ, ಹಾಗಾಗಿ ಬೆರಕೆ ಆವಿಯಾಗುವುದು ತಡವಾಗಬೇಕೆಂದು ತೋರುತ್ತದೆ. ಆಗುವುದು ಉಲ್ಟಾ. ಸ್ವಲ್ಪ ಪ್ರಮಾಣದ ಎಥನಾಲ್ ಸೇರಿದಾಗ ಹಗುರ ಹೈಡ್ರೋಕಾರ್ಬನ್‌ಗಳ ಜೊತೆ ಅದರ ಅಣುಗಳಿಗೆ ಹೊಂದಾಣಿಕೆಯಾಗದೆ, ಇಡೀ ಮಿಶ್ರಣ ಮೊದಲಿಗಿಂತ ಸುಲಭವಾಗಿ ಆವಿಯಾಗತೊಡಗುತ್ತದೆ.

ಆದರೂ ಎಂಜಿಬಿಯ ಪೈಪಿನಲ್ಲಿ ಪೆಟ್ರೋಲ್ ಕುದಿದು ಗಾಡಿ ನಿಂತಿತು ಎಂದರೆ ನಾನು ಸುಲಭಕ್ಕೆ ಒಪ್ಪುವುದಿಲ್ಲ. ಅಂಬಾಸಿಡರಿನಲ್ಲಿ ಒಪ್ಪುತ್ತೇನೆ. ಅಂಬಾಸಿಡರಿನ ಪೆಟ್ರೋಲ್ ಪಂಪು ಎಂಜಿನ್ನಿಗೇ ಅಂಟಿಕೊಂಡಿದ್ದು, ಹಿಂದಿನ ಟ್ಯಾಂಕಿನಿಂದ ಪೆಟ್ರೋಲನ್ನು ಎಳೆದುಕೊಳ್ಳುತ್ತದೆ. ಎಳೆದಾಗ ಪೈಪಿನೊಳಗೆ ಒತ್ತಡ ತಗ್ಗುತ್ತದೆ. ಒತ್ತಡ ತಗ್ಗಿದರೆ ಕುದಿಯುವ ಉಷ್ಣತೆಯೂ ತಗ್ಗುತ್ತದೆ. ಬಿಸಿ ಎಂಜಿನ್ನಿನ ಪಕ್ಕದಲ್ಲೇ, ಒತ್ತಡ ಕಡಿಮೆಯಿರುವ ಜಾಗದಲ್ಲೇ ಆವಿಯ ಗುಳ್ಳೆ ಕೂತುಬಿಟ್ಟರೆ ಪಂಪು ಗುಳ್ಳೆಯನ್ನೇ ಹಿಗ್ಗಿಸುತ್ತ ಕುಗ್ಗಿಸುತ್ತ ಕೂರುತ್ತದೆ, ಪೆಟ್ರೋಲ್ ಮುಂದೆ ಬರುವುದಿಲ್ಲ. ಘಾಟಿ ಹತ್ತುವಾಗ ಗಾಡಿ ನಿಂತರೆ ಡ್ರೈವರ್ ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ ಬೀಡಿ ಹಚ್ಚುತ್ತಿದ್ದ. ಒದ್ದೆ ಬಟ್ಟೆ ಅಪ್ಪಟ ವಿಜ್ಞಾನ. ಬೀಡಿ, ಪೆಟ್ರೋಲ್ ಆವಿಯ ಪಕ್ಕದಲ್ಲಿ, ಬೇಡವಾಗಿತ್ತು. ಎಂಜಿಬಿಯಲ್ಲಾದರೆ ಎಸ್‌ಯು ಕಂಪನಿಯ ವಿದ್ಯುತ್ ಪಂಪು ಕಾರಿನ ಹಿಂಭಾಗದಲ್ಲಿ, ಟ್ಯಾಂಕಿನ ಹತ್ತಿರ, ತಂಪಿನಲ್ಲಿದೆ. ಅದು ಪೆಟ್ರೋಲನ್ನು ಮುಂದಕ್ಕೆ ದಬ್ಬುತ್ತದೆ. ದಬ್ಬಿದ ಪೈಪಿನಲ್ಲಿ ಒತ್ತಡ ಹೆಚ್ಚು, ಕುದಿಯುವುದು ಕಷ್ಟ.

ಎಂಜಿಬಿಯ ದೌರ್ಬಲ್ಯ ಬೇರೆಡೆಯಿದೆ. ಇದರ ಎರಡು ಕಾರ್ಬ್ಯುರೇಟರ್‌ಗಳೂ ಹೊಗೆಕೊಳವೆಯೂ ಎಂಜಿನ್ನಿನ ಒಂದೇ ಪಕ್ಕದಲ್ಲಿವೆ, ನಡುವೆ ಒಂದು ತಗಡಿನ ಮರೆ. ಓಡುತ್ತಿರುವಾಗ ಗಾಳಿ ಬೀಸುವುದರಿಂದ, ಹೊಸ ಪೆಟ್ರೋಲ್ ಬರುತ್ತಲೇ ಇರುವುದರಿಂದ ತೊಂದರೆಯಿಲ್ಲ. ನಿಲ್ಲಿಸಿದ ಮೇಲೆ ಫ್ಯಾನ್ ನಿಂತು, ನೀರಿನ ಪಂಪ್ ನಿಂತು, ಹೊಗೆಕೊಳವೆಯ ಶಾಖವೆಲ್ಲ ಮೇಲೇಳುತ್ತದೆ; ಕಾರ್ಬ್ಯುರೇಟರಿನ ಬಟ್ಟಲಿನಲ್ಲಿರುವ ಪೆಟ್ರೋಲ್ ಓಡುವಾಗಿದ್ದುದಕ್ಕಿಂತ ಹೆಚ್ಚು ಕಾಯುತ್ತದೆ. ಆದ್ದರಿಂದ ಈ ಕಾರಿನಲ್ಲಿ ಪೆಟ್ರೋಲ್ ಕುದಿತದ ಲಕ್ಷಣ ಹೀಗೆ: ಚೆನ್ನಾಗಿ ಓಡಿ ಬಂದ ಗಾಡಿಯನ್ನು ಟೀ ಕುಡಿಯಲೆಂದು ನಿಲ್ಲಿಸಿ, ಕಾಲು ಗಂಟೆ ಬಿಟ್ಟು ಬಂದರೆ ಸ್ಟಾರ್ಟ್ ಆಗಲು ಒಲ್ಲೆ ಎನ್ನುತ್ತದೆ, ಪೆಟ್ರೋಲ್ ವಾಸನೆ ಹೊಡೆಯುತ್ತದೆ. ಓಡುತ್ತಿರುವಾಗಲೇ, ಅದೂ ಇಳಿಜಾರಿನಲ್ಲಿ ಗಾಳಿ ಬೀಸುತ್ತಿರುವಾಗ, ಸ್ವಿಚ್ ಆರಿಸಿದ ಹಾಗೆ ನಿಲ್ಲುವುದಿಲ್ಲ. ಪೆಟ್ರೋಲ್ ಕಡಿದರೂ ಬಟ್ಟಲಿನಲ್ಲಿ ಉಳಿದದ್ದು ಇರುತ್ತದಲ್ಲ. ನೂರು ಕಿಲೋಮೀಟರಿಗೆ ಹತ್ತು ಲೀಟರ್ ಕುಡಿಯುವ ಗಾಡಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ನಿಮಿಷಕ್ಕೆ 100 ಮಿಲಿಲೀಟರ್ ಸುಡುತ್ತದೆ. ಬಟ್ಟಲುಗಳು ಬರಿದಾಗುವವರೆಗೂ ಎಂಜಿನ್ ಎಳೆಯುತ್ತದೆ. ಬರಿದಾಗುತ್ತ ಬಂದ ಹಾಗೆ ಮುಗ್ಗರಿಸುತ್ತದೆ, ಚೇತರಿಸಿಕೊಳ್ಳುತ್ತದೆ, ಮತ್ತೆ ಮುಗ್ಗರಿಸುತ್ತದೆ.

ಮೂರನೆಯ ಶಂಕಿತ, ಕಾಯಿಲ್. ತಾಮ್ರದ ರೋಧ ಒಂದೊಂದು ಡಿಗ್ರಿಗೂ ಶೇಕಡಾ 0.39ರಷ್ಟು ಏರುತ್ತದೆ. 60 ಡಿಗ್ರಿ ಕಾದರೆ 3 ಓಮ್‌ನ ಸುರುಳಿ 3.7 ಓಮ್ ಆಗುತ್ತದೆ, 4 ಆಂಪಿಯರ್ 3.2ಕ್ಕೆ ಇಳಿಯುತ್ತದೆ. ಕಾಂತಕ್ಷೇತ್ರದಲ್ಲಿ ಕೂಡುವ ಶಕ್ತಿ ಕರೆಂಟಿನ ವರ್ಗಕ್ಕೆ ಅನುಗುಣವಾದ್ದರಿಂದ ಮೂರನೇ ಒಂದು ಭಾಗ ಶಕ್ತಿ ಅಲ್ಲೇ ಖೋತಾ. ಇದು ಆರೋಗ್ಯವಂತ ಕಾಯಿಲಿನ ಕಥೆ. ಅದಕ್ಕೆ ಮೊದಲೇ ಅಷ್ಟು ಹೆಚ್ಚುವರಿ ಶಕ್ತಿ ಕೊಟ್ಟಿರುವುದರಿಂದ ನಮಗೆ ಗೊತ್ತಾಗುವುದಿಲ್ಲ. ಒಳಗಿನ ನಿರೋಧಕ ಲೇಪ ಹಳತಾಗಿದ್ದರೆ ಬಿಸಿಯಲ್ಲಿ ಕಿಡಿ ಒಳಗೊಳಗೇ ಹಾರತೊಡಗುತ್ತದೆ. ಸೋತ ಕಾಯಿಲ್ ಹೊರಗಿನ ಗಾಳಿಯಲ್ಲಿ ಹಿಡಿದು ನೋಡಿದಾಗ ಕಿಡಿ ಕೊಟ್ಟು ಮೋಸ ಮಾಡಬಲ್ಲದು. ಗ್ಯಾಸಿನ ಒತ್ತಡ ಹೆಚ್ಚಿದಷ್ಟೂ ಸಂದು ದಾಟಲು ಹೆಚ್ಚು ವೋಲ್ಟ್ ಬೇಕೆಂದು ಜರ್ಮನಿಯ ಫ್ರೀಡ್ರಿಚ್ ಪಾಶೆನ್ 1889ರಲ್ಲೇ ತೋರಿಸಿದ್ದ. ಬಯಲಲ್ಲಿ ಹಾರಿದ ಕಿಡಿ ಸಿಲಿಂಡರಿನೊಳಗೆ ಹಾರಲೇಬೇಕೆಂದಿಲ್ಲ.

ಸರಿ, ರಸ್ತೆಬದಿಗೆ ಬರೋಣ. ಬಾನೆಟ್ ಎತ್ತಿದೆ, ಗಡಿಯಾರ ಓಡುತ್ತಿದೆ, ಕಬ್ಬಿಣ ತಣಿಯುತ್ತಿದೆ. ಬಹಳ ಜನ ಇಲ್ಲಿ ಮಾಡುವುದು ಫೋನ್. ತಪ್ಪೇನಲ್ಲ, ಆದರೆ ಸಹಾಯದ ವ್ಯಾನ್ ಬರುವ ಹೊತ್ತಿಗೆ ಸಾಕ್ಷಿ ಉಳಿದಿರುವುದಿಲ್ಲ. ಇನ್ನು ಕೆಲವರು ಸಿಕ್ಕಿದ್ದನ್ನೆಲ್ಲ ಬಿಚ್ಚುತ್ತಾರೆ. ಬಿಸಿ ಹೊಗೆಕೊಳವೆಯ ಪಕ್ಕದಲ್ಲಿ ಪೆಟ್ರೋಲ್ ಪೈಪ್ ಬಿಚ್ಚುವುದಂತೂ ಕಾರಿನ ಜೊತೆ ಗುಡ್ಡವನ್ನೂ ಸುಡುವ ಕೆಲಸ. ಪಂಪು ಬದುಕಿದೆಯೇ ಎಂದು ತಿಳಿಯಲು ಬಿಚ್ಚಬೇಕಾಗಿಲ್ಲ, ಕಿವಿ ಸಾಕು. ಕೀಲಿ ತಿರುಗಿಸಿದಾಗ ಹಿಂದಿನಿಂದ ಟಿಕ್ ಟಿಕ್ ಎಂದು ಕೆಲವು ಸಲ ಬಡಿದು ಸುಮ್ಮನಾದರೆ ಬಟ್ಟಲುಗಳು ತುಂಬಿವೆ, ಪಂಪು ಸರಿಯಿದೆ. ಬಿಡದೆ ಬಡಬಡ ಹೊಡೆದುಕೊಂಡರೆ ಅದಕ್ಕೆ ಪೆಟ್ರೋಲ್ ಸಿಗುತ್ತಿಲ್ಲ.

ಕಿಡಿಯ ಕಡೆಯ ತನಿಖೆಗೆ ಬೇಕಾದ ಉಪಕರಣ ಒಂದು 12 ವೋಲ್ಟಿನ ಬಲ್ಬು, ಅದಕ್ಕೆ ಬೆಸೆದ ಎರಡು ತಂತಿ. ಅದಕ್ಕೂ ಮೊದಲು ಇಂಡಿಕೇಟರ್ ಹಾಕಿ ನೋಡಿ. ಹತ್ತಿ ಆರಿದರೆ ಕೀಲಿಯಿಂದ ಮುಂದಕ್ಕೆ ಕರೆಂಟ್ ಬರುತ್ತಿದೆ. ಈಗ ಬಲ್ಬಿನ ಒಂದು ತಂತಿ ಕಾರಿನ ಬಾಡಿಗೆ, ಇನ್ನೊಂದು ಕಾಯಿಲಿಗೆ ಕರೆಂಟ್ ಬರುವ ತುದಿಗೆ. ಬಲ್ಬು ಹತ್ತಿತು, ಒಳ್ಳೆಯದು. ಆಮೇಲೆ ಅದನ್ನು ಕಾಯಿಲಿನ ಇನ್ನೊಂದು ತುದಿಗೆ, ಅಂದರೆ ಡಿಸ್ಟ್ರಿಬ್ಯೂಟರಿಗೆ ಹೋಗುವ ತುದಿಗೆ ಮುಟ್ಟಿಸಿ, ಜೊತೆಗಿರುವವರಿಗೆ ಸ್ಟಾರ್ಟರ್ ಹೊಡೆಯಲು ಹೇಳಿ. ಪಾಯಿಂಟ್ಸ್ ಸರಿಯಾಗಿ ಕಡಿದು ಕೂಡುತ್ತಿದ್ದರೆ ಬಲ್ಬು ಮಿಣುಕಬೇಕು. ನಮ್ಮ ಸ್ನೇಕ್ ಪಾಸಿನ ಕಾರಿನಲ್ಲಿ ಮಿಣುಕುವುದಿಲ್ಲ. ಕತ್ತಲೆ. ಡಿಸ್ಟ್ರಿಬ್ಯೂಟರಿಗೆ ಹೋಗುವ ಆ ತಂತಿಯನ್ನು ಕಾಯಿಲಿನಿಂದ ಕಳಚಿ ಮತ್ತೆ ಮುಟ್ಟಿಸಿದರೆ ಬಲ್ಬು ಹತ್ತುತ್ತದೆ. ಅಂದರೆ ಕಾಯಿಲಿನೊಳಗಿನ ದಾರಿ ಕಡಿದಿಲ್ಲ. ಡಿಸ್ಟ್ರಿಬ್ಯೂಟರಿನ ಹೊಟ್ಟೆಯಲ್ಲಿ ಎಲ್ಲೋ ಕರೆಂಟ್ ಸದಾಕಾಲ ಬಾಡಿಗೆ ಇಳಿಯುತ್ತಿದೆ.

ತಂತಿಯನ್ನು ಕಾಯಿಲಿಗೆ ಮರಳಿ ಸಿಕ್ಕಿಸಿ. ಮುಚ್ಚಳದ ಎರಡು ಕ್ಲಿಪ್ ಬಿಚ್ಚಿ, ರೋಟರ್ ಕಿತ್ತಿಟ್ಟರೆ ಪಾಯಿಂಟ್ಸ್ ಕಾಣುತ್ತದೆ. ಸ್ಟಾರ್ಟರ್ ಹೊಡೆದರೆ ಬಾಯಿ ಬಿಡುವುದು ಕಣ್ಣಿಗೇ ಕಾಣುತ್ತದೆ, ಅಲ್ಲಿಗೆ ಪಾಯಿಂಟ್ಸ್ ನಿರಪರಾಧಿ. ಉಳಿದದ್ದು ಕಂಡೆನ್ಸರ್. ಅದರ ತಂತಿಯನ್ನು, ಪಾಯಿಂಟ್ಸ್‌ನ ಸ್ಪ್ರಿಂಗ್ ಕೂತಿರುವ ಪುಟ್ಟ ಕಂಬದಿಂದ ಬಿಡಿಸಿ ಮತ್ತೊಮ್ಮೆ ಬಲ್ಬು ಹಿಡಿಯಿರಿ. ಮಿಣುಕಿತು. ಇಡೀ ತನಿಖೆಗೆ ಐದಾರು ನಿಮಿಷ ಹಿಡಿದಿರಬಹುದು. ಬ್ಲಾಕ್ ಇನ್ನೂ ಕೈ ಇಡಲಾಗದಷ್ಟು ಬಿಸಿಯಿದೆ.

ಹೊಸ ಕಂಡೆನ್ಸರನ್ನು ಹಳೆಯದರ ಜಾಗದಲ್ಲೇ ಕೂರಿಸಲು ಹೋಗಬೇಡಿ ಎಂದು ನನ್ನ ಸಲಹೆ. ಅದನ್ನು ಹಿಡಿದಿರುವ ಸ್ಕ್ರೂ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು. ಕೈಜಾರಿದರೆ ಡಿಸ್ಟ್ರಿಬ್ಯೂಟರಿನ ತಳಕ್ಕೇ ಬೀಳುತ್ತದೆ, ಕಿಡಿಯ ಸಮಯ ಹೊಂದಿಸುವ ತೂಕಗಳ ನಡುವೆ. ಇದಲ್ಲದೆ ಕಂಬದ ಮೇಲೆ ಪಾಯಿಂಟ್ಸ್‌ನ ಸ್ಪ್ರಿಂಗ್, ಎರಡು ತಂತಿಗಳ ಕಣ್ಣು, ಪ್ಲಾಸ್ಟಿಕ್ ವಾಷರು ಇವುಗಳನ್ನು ಒಂದು ಕ್ರಮದಲ್ಲೇ ಏರಿಸಬೇಕು. ಕ್ರಮ ತಪ್ಪಿದರೆ ನೀವೇ ಹೊಸ ಶಾರ್ಟ್ ಮಾಡಿಟ್ಟಂತೆ. ಇಷ್ಟೆಲ್ಲ ತಾಪತ್ರಯ ಬೇಕಿಲ್ಲ. ಕಂಡೆನ್ಸರ್ ಇರಬೇಕಾದದ್ದು ಪಾಯಿಂಟ್ಸ್‌ಗೆ ಅಡ್ಡಲಾಗಿ. ಅದು ಎಲ್ಲಿ ಕೂತಿದೆ ಎಂಬುದರಿಂದ ವಿದ್ಯುತ್ತಿಗೆ ಹೆಚ್ಚೇನೂ ಆಗಬೇಕಾದ್ದಿಲ್ಲ. ಕೆಟ್ಟದ್ದರ ತಂತಿ ಕತ್ತರಿಸಿ ಹಾಗೇ ಬಿಡಿ. ಹೊಸದರ ಡಬ್ಬಿಯನ್ನು ಬಣ್ಣ ಕೆರೆದ ಲೋಹಕ್ಕೆ ಬಿಗಿದು, ಅದರ ತಂತಿಯನ್ನು ಕಾಯಿಲಿನ ಡಿಸ್ಟ್ರಿಬ್ಯೂಟರ್ ತುದಿಗೆ ಸಿಕ್ಕಿಸಿ. ಎಂಜಿನ್ನಿನ ಶಾಖದಿಂದ ದೂರ, ತಂಪಾಗಿ, ಮನೆ ಸೇರುವವರೆಗೂ ಯಾಕೆ, ಇಡೀ ಬೇಸಿಗೆ ಅಲ್ಲೇ ಇರಬಹುದು. ಬೇಕೆಂತಲೇ ಹೀಗೆ ಹೊರಗಿಡುವವರೂ ಇದ್ದಾರೆ.

ಹೊಸದು ಎಂದೆ. ಡಿಕ್ಕಿಯಲ್ಲಿ ಪೊಟ್ಟಣ ಒಡೆಯದ ಕಂಡೆನ್ಸರ್ ಇದೆ ಎಂದು ನಿಶ್ಚಿಂತೆಯಿಂದಿರುವವರಿಗೆ ಒಂದು ಮಾತು. ಬಿಡಿಭಾಗಗಳ ಬಾಳಿಕೆಯನ್ನು ಅಧ್ಯಯನ ಮಾಡುವ ಎಂಜಿನಿಯರುಗಳು ಗಮನಿಸಿದ ಸಂಗತಿಯಿದು: ಬಹಳಷ್ಟು ವಸ್ತುಗಳು ಕೈಕೊಡುವುದು ಬಳಕೆಯ ಮೊದಲ ಕೆಲವು ಗಂಟೆಗಳಲ್ಲಿ, ಇಲ್ಲವೇ ಸವೆದು ಮುದಿಯಾದಾಗ. ನಡುವಿನ ಕಾಲದಲ್ಲಿ ಕೆಡುವುದು ಕಡಿಮೆ. ತಯಾರಿಕೆಯಲ್ಲಿ ಉಳಿದ ದೋಷ ಮೊದಲ ಶಾಖಕ್ಕೇ ಹೊರಬೀಳುತ್ತದೆ. ಹಾಗಾಗಿ ದಾರಿಗೆಂದು ಇಟ್ಟುಕೊಳ್ಳುವ ಬಿಡಿಭಾಗ ಎಂದರೆ ಒಮ್ಮೆ ಕೂರಿಸಿ, ಕೆಲವು ನೂರು ಮೈಲಿ ಓಡಿಸಿ, ಸರಿಯಿದೆ ಎಂದು ಖಾತ್ರಿಯಾದ ಮೇಲೆ ಬಿಚ್ಚಿಟ್ಟದ್ದು. ಹಳೆಯ ಕಾರುಗಳಿಗೆ ಈಗ ಬರುವ ಅಗ್ಗದ ಕಂಡೆನ್ಸರುಗಳ ಮೇಲೆ, ರಿವೆಟ್ ಹೊಡೆದ ರೋಟರುಗಳ ಮೇಲೆ ಮಾಲೀಕರ ದೂರು ಬಹಳ. ಕಾರು ಏಕಾಏಕಿ ಕೈಕೊಟ್ಟಾಗ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದು: ಕಳೆದ ಸಲ ಸರ್ವಿಸ್ ಮಾಡಿದಾಗ ಹೊಸದಾಗಿ ಹಾಕಿದ್ದೇನು? ಬ್ರಿಟನ್ನಿನಲ್ಲಿ 40 ವರ್ಷ ದಾಟಿದ, ದೊಡ್ಡ ಬದಲಾವಣೆಯಾಗದ ಕಾರಿಗೆ 2018ರಿಂದ ವಾರ್ಷಿಕ ತಪಾಸಣೆಯ ಕಡ್ಡಾಯವೂ ಇಲ್ಲ. ಬಾನೆಟ್ಟಿನಡಿ ಏನಿದೆ ಎಂದು ವಿಚಾರಿಸುವವರು ಮಾಲೀಕರೇ.

ಪಾಯಿಂಟ್ಸ್, ಕಂಡೆನ್ಸರ್ ಎರಡನ್ನೂ ಕಿತ್ತೆಸೆದು ಎಲೆಕ್ಟ್ರಾನಿಕ್ ಇಗ್ನಿಷನ್ ಕೂರಿಸಿಕೊಳ್ಳಬಹುದಲ್ಲ ಎಂದರೆ, ಧಾರಾಳವಾಗಿ. ಡಿಸ್ಟ್ರಿಬ್ಯೂಟರಿನೊಳಗೇ ಹಿಡಿಸುವ ಪುಟ್ಟ ಪೆಟ್ಟಿಗೆಗಳು ಸಿಗುತ್ತವೆ. ತಿರುಗುವ ಅಯಸ್ಕಾಂತವನ್ನು ಸೆನ್ಸರ್ ಗುರುತಿಸುತ್ತದೆ, ಟ್ರಾನ್ಸಿಸ್ಟರ್ ಕರೆಂಟ್ ಕಡಿಯುತ್ತದೆ. ಸವೆಯುವ ಬೊಟ್ಟಿಲ್ಲ, ರಟ್ಟು ತೂರಿಸಿ ಅಳೆಯುವ ಗೋಜಿಲ್ಲ. ನಿತ್ಯ ಓಡಿಸುವವರಿಗೆ ಅದೇ ಸೂಕ್ತ. ಆದರೆ ಅದು ಹೋದ ದಿನ ಬಲ್ಬು ಹಿಡಿದು ಕೇಳಿದರೆ ಉತ್ತರ ಸಿಗುವುದಿಲ್ಲ. ಆದ್ದರಿಂದ ಅದನ್ನು ಹಾಕಿಸಿಕೊಂಡ ಜಾಣರೂ ಹಳೆಯ ಪಾಯಿಂಟ್ಸ್‌ನ ತಟ್ಟೆಯನ್ನು ಡಿಕ್ಕಿಯಲ್ಲಿ ಇಟ್ಟುಕೊಂಡೇ ಓಡಾಡುತ್ತಾರೆ.

ಮನೆ ಸೇರಿದ ಮೇಲೆ, ತಂತಿ ಕತ್ತರಿಸಿ ಬಿಟ್ಟ ಕಂಡೆನ್ಸರನ್ನು ಹೊರತೆಗೆದು ಕಸಕ್ಕೆ ಹಾಕುವ ಮುನ್ನ ಒಂದು ಪ್ರಯೋಗ ಮಾಡಬಹುದು. ಕೆಪಾಸಿಟೆನ್ಸ್ ಅಳೆಯುವ ಮಲ್ಟಿಮೀಟರ್ ಸಿಕ್ಕಿಸಿದರೆ ತಣ್ಣಗಿರುವಾಗ 0.2ರ ಆಸುಪಾಸು ತೋರಿಸುತ್ತದೆ, ಏನೂ ಆಗದವರಂತೆ. ಹೇರ್ ಡ್ರೈಯರ್ ಹಿಡಿದು ಬಿಸಿ ಮಾಡುತ್ತ ಹೋಗಿ. ಅಂಕಿ ಓಲಾಡತೊಡಗಿ ಒಮ್ಮೆಲೇ ಅರ್ಥವಿಲ್ಲದ್ದಾದರೆ, ರೋಧ ಅಳೆದಾಗ ಸೊನ್ನೆಯ ಹತ್ತಿರ ಬಂದರೆ, ಸ್ನೇಕ್ ಪಾಸಿನಲ್ಲಿ ನಡೆದದ್ದು ಮೇಜಿನ ಮೇಲೆ ಮರುಕಳಿಸಿದಂತೆ.

ಎಷ್ಟು ಕಾಯಿಸಿದರೂ ಅಂಕಿ ಕದಲದೆ ಹೋದರೆ? ಆಗ ನಾವು ತಪ್ಪು ಆರೋಪಿಯನ್ನು ಹಿಡಿದಿರಬಹುದು. ಕಂಡೆನ್ಸರಿನ ತಂತಿ ಬಿಡಿಸುವಾಗ ಕಂಬದ ಮೇಲಿನ ವಾಷರು ಅಲುಗಿಯೋ, ಪಕ್ಕದ ಇನ್ನೊಂದು ತಂತಿ ಸರಿದೋ ಶಾರ್ಟ್ ತಾನಾಗಿ ಬಿಟ್ಟುಕೊಂಡಿರಬಹುದು. ಡಿಸ್ಟ್ರಿಬ್ಯೂಟರಿನ ಗೋಡೆಯ ತೂತಿನಿಂದ ಪಾಯಿಂಟ್ಸ್‌ನ ಕಂಬದವರೆಗೆ ಒಂದು ಗಿಡ್ಡ ತಂತಿ ಬರುತ್ತದೆ. ಪಾಯಿಂಟ್ಸ್ ಕೂತಿರುವ ತಟ್ಟೆ ಸ್ಥಿರವಲ್ಲ. ಆಕ್ಸಿಲರೇಟರ್ ಸಡಿಲಿಸಿದಾಗಲೂ ಒತ್ತಿದಾಗಲೂ ಎಂಜಿನ್ ಗಾಳಿ ಹೀರುವಾಗಿನ ವ್ಯಾಕ್ಯೂಮ್ ಅದನ್ನು ಆಚೀಚೆ ಎಳೆಯುತ್ತದೆ, ತಂತಿಯೂ ಅದರೊಡನೆ ಬಾಗುತ್ತದೆ, ವರ್ಷಗಟ್ಟಲೆ. ಹೊದಿಕೆ ಸವೆದ ಕಡೆ ಅದು ಗೋಡೆಗೆ ತಾಗಿದರೆ ಶಾರ್ಟ್. ಅಲ್ಲಿ ಬಲ್ಬು ಕತ್ತಲೆಯಾಗಿಯೇ ಇರುತ್ತದೆ, ಕಂಡೆನ್ಸರ್ ಕೆಟ್ಟಾಗ ಇದ್ದ ಹಾಗೆ. ಹೊದಿಕೆ ಗಟ್ಟಿಯಿದ್ದು ಒಳಗಿನ ತಾಮ್ರದ ಎಳೆಗಳೇ ಒಂದೊಂದಾಗಿ ತುಂಡಾದರೆ ಬಲ್ಬು ಮಿಣುಕದೆ ಉರಿಯುತ್ತಲೇ ಇರುತ್ತದೆ. ಮೊದಲನೆಯದಕ್ಕೆ ಟಾರ್ಚ್ ಹಿಡಿದು ತೂತಿನ ಅಂಚಿನಲ್ಲಿ ಹೊದಿಕೆ ನೋಡಬೇಕು. ಎರಡನೆಯದಕ್ಕೆ ತಂತಿಯ ಎರಡು ತುದಿ ಹಿಡಿದು ಮೆಲ್ಲಗೆ ಎಳೆಯಬೇಕು: ಅದು ರಬ್ಬರಿನ ಹಾಗೆ ಹಿಗ್ಗಿದರೆ ಒಳಗೆ ತಾಮ್ರ ತುಂಡಾಗಿದೆ.